ಉಪ್ಪು ಹೆಚ್ಚಾದದ್ದೇ ಅಪರಾಧವೇ?

ಸಂಘದ ಗೆಳತಿಯರೇ,

ನಿಮ್ಮಲ್ಲಿ ಒಂದು ದಿನವೂ ಸಾರಿಗೆ ಉಪ್ಪು ಹೆಚ್ಚು ಹಾಕದವರು ಇದ್ದರೆ ಕೈ ಎತ್ತಿ ನೋಡೋಣ. ಅನ್ನ ತಳ ಹಿಡಿಸದವರು, ಹಾಲು ಉಕ್ಕಿಸದವರು, ಒಗ್ಗರಣೆ ಸೀಯಿಸದವರು ಯಾರಾದರೂ ಇದ್ದೀರಾ? ನಾನಂತೂ ಕೈ ಎತ್ತಲಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದೆ, ಅದಕ್ಕಿಂತ ಹೆಚ್ಚು ವರ್ಷ ಒಲೆಯ ಮುಂದೆ ನಿಂತೆ. ಪಾಠದಲ್ಲಿ ತಪ್ಪಿದ್ದಕ್ಕಿಂತ ಅಡಿಗೆಯಲ್ಲಿ ತಪ್ಪಿದ್ದೇ ಹೆಚ್ಚು. ಸಂಜೆ ಐದೂವರೆಗೆ ಬಸ್ಸಿಳಿದು, ಮಗುವನ್ನು ಪಕ್ಕದ ಮನೆಯಿಂದ ಕರೆತಂದು, ಸೀರೆ ಕೂಡ ಬದಲಿಸದೆ ಕುಕ್ಕರ್ ಇಡುತ್ತಿದ್ದ ದಿನಗಳವು. ಎಷ್ಟೋ ರಾತ್ರಿ ಬೇಳೆ ಬೆಂದಿರುತ್ತಿರಲಿಲ್ಲ. ನನ್ನ ಯಜಮಾನರು ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಹೋದದ್ದೂ ಉಂಟು. ಅವರು ಕೈ ಮಾಡಲಿಲ್ಲ ಎಂಬುದನ್ನೇ ದೊಡ್ಡ ಗುಣವೆಂದು ನೆಂಟರೆಲ್ಲ ಹೊಗಳಿದರು. ನಾನೂ ಹಾಗೆಯೇ ನಂಬಿದ್ದೆ.

ಅಡಿಗೆಯಲ್ಲಿ ಏರುಪೇರು ಯಾಕಾಗುತ್ತದೆ ಎಂಬುದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹೊಸ ಅಕ್ಕಿಗೆ ಹಳೆ ಅಕ್ಕಿಯಷ್ಟೇ ನೀರಿಟ್ಟರೆ ಅನ್ನ ಮುದ್ದೆಯಾಗುತ್ತದೆ. ಬೇಳೆ ಬೇಯುವ ಮೊದಲೇ ಹುಣಸೆ ಹುಳಿ ಬಿದ್ದರೆ ಅದು ಮೆತ್ತಗಾಗುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿದ್ದರೆ ಇನ್ನೂ ಕಷ್ಟ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ, ತಟ್ಟುವಾಗಲೇ ರೊಟ್ಟಿ ಹರಿಯುತ್ತದೆ. ರಾಗಿ ಹಿಟ್ಟು ಹಾಕಿ ಕೋಲಿನಲ್ಲಿ ತಿರುವುವ ಹೊತ್ತಿಗೆ ಸರಿಯಾಗಿ ಮಗು ಬಿದ್ದು ಅತ್ತರೆ ಮುದ್ದೆ ಗಂಟಾಗುತ್ತದೆ. ಕರೆಂಟು ಹೋಗುತ್ತದೆ, ಸಿಲಿಂಡರ್ ಮುಗಿಯುತ್ತದೆ, ಸೌದೆ ಹಸಿಯಿರುತ್ತದೆ. ಉಪ್ಪು ಹಾಕಿದೆನೋ ಇಲ್ಲವೋ ಎಂದು ಮರೆತು ಇನ್ನೊಮ್ಮೆ ಹಾಕುತ್ತೇವೆ. ಬೆಳಗಿನಿಂದ ಹೊಲದಲ್ಲೋ ಗಾರ್ಮೆಂಟ್ ಕಾರ್ಖಾನೆಯಲ್ಲೋ ದುಡಿದು ಬಂದವಳು ಮರೆಯದೆ ಇನ್ನೇನು ಮಾಡಿಯಾಳು? ಇವೆಲ್ಲ ಬೆಂಕಿ, ನೀರು, ಹೊತ್ತು, ದಣಿವು ಇವುಗಳ ಕೆಲಸ. ಇವುಗಳಲ್ಲಿ ಯಾವುದನ್ನು ಅಪರಾಧ ಎನ್ನುತ್ತೀರಿ?

ಇನ್ನೊಂದು ಮಾತು ನೋಡಿ. ಹೋಟೆಲಿನ ಸಾಂಬಾರಿಗೆ ಉಪ್ಪು ಹೆಚ್ಚಾದರೆ ಇದೇ ಗಂಡಸು ಏನು ಮಾಡುತ್ತಾನೆ? ಮಾಣಿಯನ್ನು ಕರೆದು, 'ಏನಪ್ಪಾ, ಇವತ್ತು ಉಪ್ಪು ಜಾಸ್ತಿ' ಎಂದು ಗೊಣಗಿ, ಬಿಲ್ಲು ಕೊಟ್ಟು ಹೊರಡುತ್ತಾನೆ. ಅಡಿಗೆ ಭಟ್ಟನ ಕೂದಲು ಹಿಡಿದು ಎಳೆಯುವುದಿಲ್ಲ. ಮೇಲಧಿಕಾರಿಯ ಮನೆಯಲ್ಲಿ ಸಪ್ಪೆ ಪಲ್ಯ ಬಡಿಸಿದರೆ 'ತುಂಬಾ ಚೆನ್ನಾಗಿದೆ' ಎಂದು ಎರಡನೇ ಸಲ ಹಾಕಿಸಿಕೊಳ್ಳುತ್ತಾನೆ. ಅಂದರೆ ಅವನಿಗೆ ಸಿಟ್ಟು ತಡೆಯಲು ಬರುತ್ತದೆ. ಎಲ್ಲಿ ತಡೆಯಬೇಕು, ಎಲ್ಲಿ ತಡೆಯಬೇಕಾಗಿಲ್ಲ ಎಂಬ ಲೆಕ್ಕವೂ ಅವನಿಗೆ ಚೆನ್ನಾಗಿ ಗೊತ್ತು. ಹಾಗಿರುವಾಗ 'ಉಪ್ಪು ಹೆಚ್ಚಾಯಿತು, ಸಿಟ್ಟಿನಲ್ಲಿ ಕೈ ಮಾಡಿಬಿಟ್ಟ' ಎಂಬ ಮಾತನ್ನು ನಾವು ಎಷ್ಟು ಕಾಲ ನಂಬಿಕೊಂಡು ಕೂರಬೇಕು?

ಇದನ್ನು ಬರೆಯಲು ನನಗೊಂದು ಕಾರಣವಿದೆ. ನಾಚಿಕೆಯಾದರೂ ಹೇಳಿಬಿಡುತ್ತೇನೆ. 1990ರ ದಶಕದ ಆರಂಭದಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಎರಡನೇ ಬಿ.ಎ.ಯಲ್ಲಿದ್ದಾಗಲೇ ಮದುವೆಯಾಯಿತು. ಮದುವೆಯ ನಂತರವೂ ಕಾಲೇಜಿಗೆ ಬರುತ್ತಿದ್ದಳು. ಒಂದು ದಿನ ತೋಳಿನ ಮೇಲೆ ಬಾಸುಂಡೆ ಕಂಡು, 'ಏನಮ್ಮ ಇದು?' ಎಂದು ಕೇಳಿದೆ. ತಲೆ ತಗ್ಗಿಸಿ, 'ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಮೇಡಂ' ಎಂದಳು. ಆಗ ನಾನು ಏನು ಹೇಳಿದೆ ಗೊತ್ತೇ? 'ಉಪ್ಪು ಜಾಸ್ತಿಯಾದರೆ ಒಂದು ಆಲೂಗಡ್ಡೆ ಹೆಚ್ಚಿ ಹಾಕಿ ಕುದಿಸು, ಸರಿಹೋಗುತ್ತದೆ' ಎಂದೆ! ಎಂ.ಎ. ಓದಿದವಳು, ಸ್ತ್ರೀ ಸಮಾನತೆಯ ಬಗ್ಗೆ ವೇದಿಕೆಯ ಮೇಲೆ ಮಾತನಾಡುತ್ತಿದ್ದವಳು, ಹೊಡೆತ ತಿಂದು ಬಂದ ಮಗುವಿಗೆ ಅಡಿಗೆಯ ಉಪಾಯ ಹೇಳಿಕೊಟ್ಟೆ. ಮುಂದಿನ ವರ್ಷ ಅವಳು ಕಾಲೇಜಿಗೆ ಬರಲಿಲ್ಲ.

ಏಳೆಂಟು ವರ್ಷಗಳ ನಂತರ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಗಂಡನನ್ನು ಬಿಟ್ಟು ತವರಿಗೆ ಬಂದು, ಹೊಲಿಗೆ ಕಲಿತು ಮಗಳನ್ನು ಸಾಕುತ್ತಿದ್ದಳು. ಬೇಸರವಿಲ್ಲದೆ ನಗುತ್ತಲೇ ಮಾತನಾಡಿದಳು. 'ನೀವು ಹೇಳಿದ ಹಾಗೆ ಉಪ್ಪು ಸರಿ ಮಾಡಿದೆ ಮೇಡಂ. ಆಮೇಲೆ ಅನ್ನ ಮೆತ್ತಗಾಯಿತು ಅಂತ ಹೊಡೆದರು. ಅನ್ನ ಸರಿ ಮಾಡಿದೆ, ಬಡಿಸಿದ್ದು ತಡವಾಯಿತು ಅಂದರು. ಬೇಗ ಬಡಿಸಿದೆ, ಆರಿಹೋಗಿದೆ ಅಂದರು. ಅವರಿಗೆ ಬೇಕಾಗಿದ್ದದ್ದು ಸ್ಕೂಟರು. ಮದುವೆಯಲ್ಲಿ ಅಪ್ಪ ಕೊಡುತ್ತೇನೆ ಅಂದಿದ್ದರು, ಕೊಡಲಾಗಲಿಲ್ಲ.'

ಗೆಳತಿಯರೇ, ನಾನು ಮೂವತ್ತು ವರ್ಷ ಹೇಳಿದ ಪಾಠಗಳಿಗಿಂತ ಅವಳು ಆ ಐದು ನಿಮಿಷದಲ್ಲಿ ಹೇಳಿದ ಪಾಠ ದೊಡ್ಡದು. ವರದಕ್ಷಿಣೆ ಕೇಳುವುದು ಅಪರಾಧವೆಂದು 1961ರಲ್ಲೇ ಕಾನೂನಾಯಿತು. ಆದ್ದರಿಂದ ಸ್ಕೂಟರ್ ಬಂದಿಲ್ಲವೆಂದು ಹೊಡೆದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಾರಿನ ಮೇಲೆ ಹೇಳುತ್ತಾರೆ. ಸಾರು ಪ್ರತಿ ರಾತ್ರಿ ಇರುತ್ತದೆ, ಹುಡುಕಿದರೆ ಅದರಲ್ಲಿ ಪ್ರತಿ ರಾತ್ರಿ ಒಂದು ತಪ್ಪೂ ಇರುತ್ತದೆ. ಹೊಡೆಯಬೇಕೆಂದಿರುವವನಿಗೆ ಅದಕ್ಕಿಂತ ಸುಲಭದ ನೆಪ ಎಲ್ಲಿ ಸಿಕ್ಕೀತು?

ಈ ನೆಪವನ್ನು ನಾವೇ ಒಪ್ಪಿಕೊಂಡಿದ್ದೇವೆ ಎಂಬುದು ಇನ್ನೂ ಕಹಿಯಾದ ಸತ್ಯ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಏಳು ಸಂದರ್ಭಗಳನ್ನು ಹೇಳಿ, ಇಂಥ ಸಂದರ್ಭದಲ್ಲಿ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಕೇಳಿದರು. ಹೇಳದೆ ಹೊರಗೆ ಹೋದರೆ, ಎದುರು ಮಾತನಾಡಿದರೆ, ಅತ್ತೆಮಾವಂದಿರಿಗೆ ಮರ್ಯಾದೆ ಕೊಡದಿದ್ದರೆ ಎಂಬುವುಗಳ ಜೊತೆಗೆ 'ಸರಿಯಾಗಿ ಅಡಿಗೆ ಮಾಡದಿದ್ದರೆ' ಎಂಬುದೂ ಒಂದು. ಈ ಏಳರಲ್ಲಿ ಒಂದಕ್ಕಾದರೂ ಹೊಡೆಯುವುದು ಸರಿ ಎಂದವರು ಕರ್ನಾಟಕದ ಗಂಡಸರಲ್ಲಿ ಶೇಕಡಾ 81.9. ಹೆಂಗಸರಲ್ಲಿ ಎಷ್ಟು? ಶೇಕಡಾ 76.9! ನೂರು ಹೆಂಗಸರಲ್ಲಿ ಎಪ್ಪತ್ತಾರು ಎಪ್ಪತ್ತೇಳು ಮಂದಿ ಹೊಡೆತಕ್ಕೆ ಸಹಿ ಹಾಕಿದಂತಾಯಿತು. ಗಂಡನಿಂದ ದೌರ್ಜನ್ಯ ಅನುಭವಿಸಿದ್ದೇವೆ ಎಂದು ಅದೇ ಸಮೀಕ್ಷೆಯಲ್ಲಿ ಹೇಳಿದವರು ನಮ್ಮ ರಾಜ್ಯದ ವಿವಾಹಿತೆಯರಲ್ಲಿ ಶೇಕಡಾ 44.4. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ಓದಿ. ಹೊಡೆತ ತಿನ್ನುವವಳೂ ನಾವೇ, 'ಅವಳೇ ಸರಿಯಿಲ್ಲ' ಎನ್ನುವವಳೂ ನಾವೇ.

ಈ ನೆಪ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಪಂಢರಪುರದ ಒಂದು ಪ್ರಕರಣ ಸಾಕು. 2013ರಲ್ಲಿ ಅಲ್ಲಿ ಒಬ್ಬಾತ, ಹೆಂಡತಿ ಚಹಾ ಮಾಡಿಕೊಡದೆ ಹೊರಗೆ ಹೊರಟಳೆಂದು ಸುತ್ತಿಗೆಯಿಂದ ಅವಳ ತಲೆಗೆ ಹೊಡೆದ. ಆಸ್ಪತ್ರೆಗೆ ಒಯ್ಯುವ ಮೊದಲು ನೆಲದ ರಕ್ತ ಒರೆಸಿದ. ಇದನ್ನೆಲ್ಲ ಅವರ ಪುಟ್ಟ ಮಗಳು ನೋಡಿದಳು. ತಾಯಿ ಉಳಿಯಲಿಲ್ಲ. ಚಹಾ ಕೊಡದೆ ಕೆರಳಿಸಿದ್ದರಿಂದ ಹೀಗಾಯಿತು ಎಂದು ಗಂಡನ ಪರವಾಗಿ ವಾದಿಸಿದರು. 2021ರಲ್ಲಿ ಮುಂಬಯಿ ಹೈಕೋರ್ಟು ಆ ವಾದವನ್ನು ತಳ್ಳಿಹಾಕಿತು. ಹೆಂಡತಿ ಗಂಡನ ಸೊತ್ತಲ್ಲ, ಮದುವೆಯೆಂದರೆ ಸಮಾನರ ಪಾಲುದಾರಿಕೆ ಎಂದು ಹೇಳಿ, ಹತ್ತು ವರ್ಷಗಳ ಶಿಕ್ಷೆಯನ್ನು ಎತ್ತಿಹಿಡಿಯಿತು. ಒಂದು ಲೋಟ ಚಹಾ!

ಅಡಿಗೆಮನೆಯ ಇನ್ನೊಂದು ಸುಳ್ಳನ್ನು ನನ್ನ ವಯಸ್ಸಿನವರು ಮರೆಯುವಂತಿಲ್ಲ. 1980 ಮತ್ತು 90ರ ದಶಕಗಳಲ್ಲಿ ಪತ್ರಿಕೆ ತೆರೆದರೆ 'ಅಡಿಗೆ ಮಾಡುವಾಗ ಸ್ಟವ್ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಇರುತ್ತಿತ್ತು. ಅದೇ ಸ್ಟವ್‌ನಲ್ಲಿ ಅತ್ತೆಯೂ ನಾದಿನಿಯೂ ಅಡಿಗೆ ಮಾಡುತ್ತಿದ್ದರಲ್ಲ, ಸಿಡಿಯುವಾಗ ಸೊಸೆಯ ಮೇಲೆಯೇ ಯಾಕೆ ಸಿಡಿಯಿತು? ಬೆಂಗಳೂರಿನ ವಿಮೋಚನಾದಂಥ ಮಹಿಳಾ ಸಂಘಟನೆಗಳು ಆಸ್ಪತ್ರೆಯ ಸುಟ್ಟಗಾಯದ ವಾರ್ಡುಗಳಿಗೆ ಹೋಗಿ, ಸಾಯುತ್ತಿದ್ದ ಹೆಣ್ಣುಮಕ್ಕಳ ಪಕ್ಕದಲ್ಲಿ ಕೂತು ಈ ಪ್ರಶ್ನೆ ಕೇಳಿದವು. 'ಆಕಸ್ಮಿಕ' ಎಂದು ಮುಚ್ಚಿದ್ದ ಕಡತಗಳ ಬಗ್ಗೆ ಬೀದಿಗಿಳಿದು ಉತ್ತರ ಕೇಳಿದವು. ಇಂದು ಸೀಮೆಎಣ್ಣೆ ಸ್ಟವ್ ಹೆಚ್ಚಿನ ಮನೆಗಳಿಂದ ಹೋಗಿದೆ. ವರದಕ್ಷಿಣೆ ಸಾವು ಹೋಗಿಲ್ಲ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 6,400ಕ್ಕೂ ಹೆಚ್ಚು ವರದಕ್ಷಿಣೆ ಸಾವಿನ ಪ್ರಕರಣಗಳು ದಾಖಲಾದವು.

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು ಹಿರಿಯರು ಹೇಳುತ್ತಾರೆ, ಪಂಚಾಯಿತಿ ಕಟ್ಟೆಯಲ್ಲೂ ಇದನ್ನೇ ಹೇಳಿ ಹೆಣ್ಣುಮಗಳನ್ನು ವಾಪಸು ಕಳಿಸುತ್ತಾರೆ. ಉಣ್ಣುವ ಹೊತ್ತಿನಲ್ಲೇ ಹೊಡೆತ ಶುರುವಾಗುವ ಮನೆಯಲ್ಲಿ ಈ ಗಾದೆ ಯಾರ ಹೊಟ್ಟೆ ತುಂಬಿಸುತ್ತದೆ? ತಟ್ಟೆ ಗೋಡೆಗೆ ಬಡಿದ ಮೇಲೆ ಅವಳು ನೆಲ ಒರೆಸಿ, ಹಸಿದು ಮಲಗುತ್ತಾಳೆ. ಬೆಳಿಗ್ಗೆ ಎದ್ದು ಮತ್ತೆ ಒಲೆ ಹಚ್ಚುತ್ತಾಳೆ.

ಆ ಒಲೆಯ ಕೆಲಸಕ್ಕೆ ಬೆಲೆ ಎಷ್ಟು? ನಾನು ಪಾಠ ಮಾಡುತ್ತಿದ್ದ ಅರ್ಥಶಾಸ್ತ್ರದಲ್ಲಿ ಒಂದು ವಿಚಿತ್ರವಿದೆ. ಒಬ್ಬಾತ ಅಡಿಗೆಯವಳಿಗೆ ಸಂಬಳ ಕೊಟ್ಟರೆ ಆ ಹಣ ರಾಷ್ಟ್ರೀಯ ಆದಾಯದಲ್ಲಿ ಸೇರುತ್ತದೆ. ಅವಳನ್ನೇ ಮದುವೆಯಾದರೆ ಅದೇ ಅಡಿಗೆ ಲೆಕ್ಕದಿಂದ ಬಿದ್ದುಹೋಗುತ್ತದೆ! ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವ ಸಮಯ ಸರಾಸರಿ 299 ನಿಮಿಷ, ಅಂದರೆ ಸುಮಾರು ಐದು ತಾಸು. ಅಂಥ ಕೆಲಸ ಮಾಡುವ ಗಂಡಸರು ಕೊಡುವುದು 97 ನಿಮಿಷ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಈ ಅಂಕಿಯನ್ನೇ ಎತ್ತಿ ಹೇಳಿ, ಗೃಹಿಣಿಯ ದುಡಿಮೆಗೂ ಆದಾಯದ ಬೆಲೆ ಕಟ್ಟಬೇಕೆಂದಿತು. ಅವಳು ಸತ್ತ ಮೇಲೆ ಕೋರ್ಟು ಕಟ್ಟುವ ಬೆಲೆಯನ್ನು ಬದುಕಿದ್ದಾಗ ಮನೆಯವರು ಕಟ್ಟಬಾರದೇ?

ಕಾನೂನು ನಮ್ಮ ಕೈಯಲ್ಲಿದೆ, ಅದನ್ನು ತಿಳಿದಿರೋಣ. ಗಂಡ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ಶಿಕ್ಷಿಸಲು 1983ರಲ್ಲಿ ಬಂದ 498ಎ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿ ಮುಂದುವರಿದಿದೆ. ವರದಕ್ಷಿಣೆ ಸಾವಿಗೆ 80ನೇ ಕಲಮು ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಹೊಡೆತವನ್ನು ಮಾತ್ರವಲ್ಲ, ಬೈಗುಳ, ಅವಮಾನ, ಖರ್ಚಿಗೆ ಕೊಡದೆ ಸತಾಯಿಸುವುದನ್ನೂ ದೌರ್ಜನ್ಯವೆಂದೇ ಹೇಳುತ್ತದೆ. ಮನೆಯಿಂದ ಹೊರಗೆ ಹಾಕುವಂತಿಲ್ಲ ಎಂದೂ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೂ ಅವರ ಕಚೇರಿಯ ದಾರಿ ತೋರಿಸುತ್ತಾರೆ. ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಮಹಿಳಾ ಸಹಾಯವಾಣಿಯ ನಂಬರು 181, ತುರ್ತಿಗೆ 112. ಸಂಘದ ಪುಸ್ತಕದ ಮೊದಲ ಪುಟದಲ್ಲಿ ಇವನ್ನು ಇಂದೇ ಬರೆದಿಡಿ.

ಕಾನೂನಿಗಿಂತ ಮೊದಲು ಬದಲಾಗಬೇಕಾದದ್ದು ನಾವು ಕೇಳುವ ಪ್ರಶ್ನೆ. ವಾರದ ಸಭೆಗೆ ಒಬ್ಬಳು ಮುಖ ಊದಿಸಿಕೊಂಡು ಬಂದು 'ಅಡಿಗೆ ಕೆಟ್ಟಿತ್ತು' ಎಂದರೆ, 'ಏನು ಅಡಿಗೆ ಮಾಡಿದ್ದೆ?' ಎಂದು ಕೇಳಬೇಡಿ. ನಾನು ಆ ತಪ್ಪು ಮಾಡಿದ್ದೇನೆ, ನೀವು ಮಾಡಬೇಡಿ. 'ಹಿಂದೆಯೂ ಹೊಡೆದಿದ್ದಾನೆಯೇ? ತವರಿನಿಂದ ಏನು ತರಲು ಹೇಳುತ್ತಿದ್ದಾರೆ? ಸಂಘದ ಸಾಲದ ಹಣ ಯಾರ ಕೈಗೆ ಹೋಯಿತು? ಇವತ್ತು ರಾತ್ರಿ ಆ ಮನೆಯಲ್ಲಿ ಮಲಗಲು ಭಯವಿದೆಯೇ?' ಎಂದು ಕೇಳಿ. ಭಯವಿದ್ದರೆ ಅವಳನ್ನು ಒಬ್ಬಳನ್ನೇ ಕಳಿಸಬೇಡಿ. ಹತ್ತು ಮಂದಿ ಜೊತೆಗೆ ಹೋಗಿ ಬಾಗಿಲಲ್ಲಿ ನಿಂತರೆ, ಕೈ ಎತ್ತುವವನು ಒಮ್ಮೆ ಯೋಚಿಸುತ್ತಾನೆ. ಹೊಡೆತಕ್ಕೆ ಸಾಕ್ಷಿ ಇದ್ದಾರೆ ಎಂಬುದು ಅವನಿಗೆ ಗೊತ್ತಾಗಲಿ.

ನಮ್ಮಲ್ಲಿ ಅತ್ತೆಯರಾದವರಿಗೂ ಒಂದು ಮಾತು. ಊಟಕ್ಕೆ ಕೂತ ಮಗನ ಮುಂದೆ 'ನಿನ್ನ ಹೆಂಡತಿಗೆ ಅವಳ ಅಮ್ಮ ಏನೂ ಕಲಿಸಿಲ್ಲ' ಎಂದು ಹೇಳುವ ಮೊದಲು, ನಾವು ಸೊಸೆಯಾಗಿ ಬಂದ ಮೊದಲ ವರ್ಷದ ನಮ್ಮ ಸಾರನ್ನು ನೆನಪಿಸಿಕೊಳ್ಳೋಣ. ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಒಂದು ಲೋಟ ಬಿಸಿನೀರು ಸೇರಿಸಿ ಉಣ್ಣೋಣ. ಗಂಡುಮಕ್ಕಳನ್ನೂ ಒಲೆಯ ಮುಂದೆ ನಿಲ್ಲಿಸೋಣ. ಒಂದು ತಿಂಗಳು ಬೇಳೆ ಬೇಯಿಸಿ, ಮುದ್ದೆ ತಿರುವಿ, ಕೈ ಸುಟ್ಟುಕೊಂಡ ಹುಡುಗನಿಗೆ ಅಡಿಗೆ ಯಾಕೆ ಕೆಡುತ್ತದೆ ಎಂಬುದು ತಿಳಿದಿರುತ್ತದೆ.

ನನ್ನ ಆ ವಿದ್ಯಾರ್ಥಿನಿಯ ಮಗಳಿಗೆ ಈಗ ಮದುವೆಯಾಗಿರಬಹುದು. ಅವಳ ಸಾರಿಗೂ ಒಂದಲ್ಲ ಒಂದು ದಿನ ಉಪ್ಪು ಹೆಚ್ಚಾಗಿಯೇ ಆಗುತ್ತದೆ. ಅಂದು ಅವಳ ಮನೆಯಲ್ಲಿ ಎಲ್ಲರೂ ಮುಖ ಕಿವುಚಿ, ನಕ್ಕು, ಮೊಸರು ಕಲಸಿಕೊಂಡು ಉಣ್ಣಬೇಕು. ನಾವು ಕೇಳುತ್ತಿರುವುದು ಇಷ್ಟೇ. ಇಷ್ಟನ್ನೂ ಸಂಘಟಿತರಾಗದೆ ಪಡೆಯಲಾರೆವು. ಬರುವ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಪುಸ್ತಕ ಮುಚ್ಚಬೇಡಿ. ಹತ್ತು ನಿಮಿಷ ಈ ಮಾತು ಎತ್ತಿಕೊಳ್ಳಿ.