ಆಷಾಢದ ರಜೆ, ಲಡಾಖಿನ ದಾರಿ

ದಾವಣಗೆರೆಯ ಯಾವ ಬೆಣ್ಣೆದೋಸೆ ಹೋಟೆಲಿಗಾದರೂ ಸಂಜೆ ಹೊತ್ತು ಹೋಗಿ ಕೂತು ನೋಡಿ. ಪಕ್ಕದ ಟೇಬಲಿನಲ್ಲಿ ನಾಲ್ಕು ಹುಡುಗರು ಒಂದೇ ಫೋನಿನ ಮೇಲೆ ತಲೆ ಬಗ್ಗಿಸಿ ಕೂತಿರುತ್ತಾರೆ. ಇಬ್ಬರು ಬಟ್ಟೆ ಅಂಗಡಿಯವರ ಮಕ್ಕಳು, ಒಬ್ಬ ಸ್ಪೇರ್ ಪಾರ್ಟ್ಸ್ ಅಂಗಡಿಯವನು, ಇನ್ನೊಬ್ಬ ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಲ್ಲೇ ಕೂತು ಮಾಡುವವನು. ಮಾತೆಲ್ಲ ಒಂದೇ. ಬೈಕಿನಲ್ಲಿ ಲಡಾಖ್!

"ಊರ ಮುಂದಿನ ರೋಡ್ ಹತ್ತಿದ್ರೆ ಆಯ್ತು ಕಣೋ, ಸೀದಾ ಡೆಲ್ಲಿ."

ಮಾತೇನೋ ಸುಳ್ಳಲ್ಲ. ಊರಿನವರ ಬಾಯಲ್ಲಿ ಇವತ್ತಿಗೂ ಪಿ.ಬಿ. ರೋಡ್ ಅನ್ನಿಸಿಕೊಳ್ಳುವ ಆ ಹಳೇ ಪೂನಾ-ಬೆಂಗಳೂರು ರಸ್ತೆಯ ಬೈಪಾಸು ಈಗ 48ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಒಂದು ತುದಿ ಚೆನ್ನೈ, ಇನ್ನೊಂದು ತುದಿ ದೆಹಲಿ. ಒಟ್ಟು 2,800 ಕಿಲೋಮೀಟರು. ಹುಡುಗರಿಗೆ ಆಸೆ ಹುಟ್ಟಿದ್ದು ತಪ್ಪೇನಲ್ಲ. ಬೈಯುವ ಅಪ್ಪಂದಿರೂ ಒಂದು ಕಾಲಕ್ಕೆ ಮೈಸೂರಿನಲ್ಲಿ ತಯಾರಾದ ಜಾವಾ ಹತ್ತಿ ಜೋಗ, ಗೋವಾ ಅಂತ ಸುತ್ತಿದವರೇ. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಆ ಚಟ ಬಾಗಿಲು ಹಾಕಲಿಲ್ಲ, ಅಷ್ಟೆ.

ಹುಡುಗರ ತಯಾರಿಯನ್ನೂ ಹಗುರವಾಗಿ ಕಾಣುವಂತಿಲ್ಲ. ಹೊಸ ಚೈನು, ಹೊಸ ಟೈರು, ಎರಡೆರಡು ಕ್ಲಚ್ ಕೇಬಲ್ಲು, ಸ್ಪಾರ್ಕ್ ಪ್ಲಗ್ಗು, ಪಂಕ್ಚರ್ ಸಾಮಾನು, ಮಳೆ ಕೋಟು ಎಲ್ಲವೂ ಪಟ್ಟಿಯಲ್ಲಿದೆ. ತಾಂಡಿ ದಾಟಿದರೆ ಪೆಟ್ರೋಲು ಎಲ್ಲಿ ಸಿಗುತ್ತದೆ ಎನ್ನುವುದು ಬಾಯಿಪಾಠ. ಮೆಕ್ಯಾನಿಕ್ಕು ಸಹ ಗಾಡಿ ನೋಡಿ ತಲೆ ಆಡಿಸಿದ್ದಾನೆ. ತಪ್ಪಿರುವುದು ಗಾಡಿಯಲ್ಲಲ್ಲ, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ.

ಅಂಗಡಿ ಮನೆಯ ಹುಡುಗರಿಗೆ ರಜೆ ಸಿಗುವುದು ಯಾವಾಗ? ಆಷಾಢದಲ್ಲಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಗಲ್ಲಾ ಖಾಲಿ, ಕೆಲಸದವರು ನೊಣ ಹೊಡೀತಾ ಕೂತಿರ್ತಾರೆ. "ಹೋಗ್ಲಿ, ಹದಿನಾರು ದಿನ ಹೋಗಿ ಬಾ" ಅಂತ ಯಜಮಾನರ ಬಾಯಿಂದ ಬರುವುದು ಆಗಲೇ. ಆದರೆ ಆಷಾಢ ಅಂದರೆ ಜೂನ್ ಕೊನೆ, ಜುಲೈ. ಬೆಳಗಾವಿ ಕಡೆಯಿಂದ ಹಿಡಿದು ಗುಜರಾತಿನವರೆಗೆ ಮುಂಗಾರು ಜಡಿಯುವ ಕಾಲ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಗೆ ಬೈಕು ಬಿಡುವುದಿಲ್ಲ, ಖಂಡಾಲಾ ಘಾಟಿಯ ಹಳೇ ರಸ್ತೆಯಲ್ಲೇ ಲಾರಿಗಳ ಹಿಂದೆ ನೆನೆಯುತ್ತಾ ಇಳಿಯಬೇಕು. ಹಿಮಾಲಯ ಹತ್ತಿರ ಬಂತು ಅಂದುಕೊಂಡರೆ ಅಲ್ಲೂ ಅದೇ ಮಳೆ. 2023ರ ಜುಲೈ ಎರಡನೇ ವಾರ ಬಿಯಾಸ್ ನದಿ ಉಕ್ಕಿ ಕುಲ್ಲು-ಮನಾಲಿ ರಸ್ತೆಯನ್ನೇ ಕಿತ್ತುಕೊಂಡು ಹೋಯಿತು, ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಬಿದ್ದರು. ಪಂಚಾಂಗ ತೆಗೆದು ನೋಡಿ, ಅದೂ ಆಷಾಢವೇ.

ಈಗ ಆ ಹದಿನಾರು ದಿನದ ಲೆಕ್ಕಕ್ಕೆ ಬನ್ನಿ. ವ್ಯಾಪಾರಸ್ಥರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಮನಾಲಿಯಿಂದ ಲೇಹ್ 430 ಕಿಲೋಮೀಟರು, ಬೆಟ್ಟದ ದಾರಿ, ಹೋಗಲು ಎರಡು ದಿನ, ಬರಲು ಎರಡು ದಿನ. ಲೇಹ್‌ನಲ್ಲಿ ಸುಧಾರಿಸಿಕೊಳ್ಳಲು, ಖರ್ದುಂಗ್ ಲಾ, ಪಾಂಗಾಂಗ್ ಸರೋವರ ನೋಡಲು ನಾಲ್ಕು ದಿನ. ಅಲ್ಲಿಗೆ ಎಂಟಾಯಿತು. ಉಳಿದ ಎಂಟರಲ್ಲಿ ದಾವಣಗೆರೆಯಿಂದ ಮನಾಲಿಗೆ ಹೋಗಿ ವಾಪಸ್ ಬರಬೇಕು. ಯಾವ ದಾರಿ ಹಿಡಿದರೂ ಒಂದು ಕಡೆಗೆ ಎರಡೂವರೆ ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ಎರಡೂ ಕಡೆ ಸೇರಿ ಐದು ಸಾವಿರ. ಎಂಟು ದಿನಕ್ಕೆ ಭಾಗಿಸಿದರೆ ದಿನಕ್ಕೆ 625. ಅಂದರೆ ದಿನಾ ಬೆಳಗ್ಗೆ ಎದ್ದು ಬೆಂಗಳೂರಿಗೆ ಹೋಗಿ, ವಾಪಸ್ ಬಂದು, ಮತ್ತೆ ಚಿತ್ರದುರ್ಗ ದಾಟಿ ಹೋದಷ್ಟು! ಎರಡು ಚಕ್ರದ ಮೇಲೆ, ಮಳೆಯಲ್ಲಿ, ನಾಲ್ಕು ದಿನ ಬಿಡದೆ. ಟೀ, ಪೆಟ್ರೋಲು, ಟ್ರಾಫಿಕ್ಕು ಎಲ್ಲ ಸೇರಿ ಗಂಟೆಗೆ 50ರ ಸರಾಸರಿ ಸಿಕ್ಕರೆ ದೊಡ್ಡದು. ಹನ್ನೆರಡೂವರೆ ಗಂಟೆ ಆಯಿತು. ಒಂದು ಪಂಕ್ಚರ್ ಆದರೂ ಕತ್ತಲಲ್ಲೇ ಓಡಿಸಬೇಕು.

ರಾತ್ರಿ ಬಸ್ಸಿನಲ್ಲಿ ದೂರದೂರಿಗೆ ಹೋಗಿ ಬರುವವರಿಗೆ ಗೊತ್ತು, ಅಂಥ ಬಸ್ಸಿನಲ್ಲಿ ಇಬ್ಬರು ಡ್ರೈವರುಗಳಿರುತ್ತಾರೆ. ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗಿರುತ್ತಾನೆ. ಬೈಕಿನಲ್ಲಿ ಡ್ರೈವರೂ ಅವನೇ, ಕಂಡಕ್ಟರೂ ಅವನೇ. ತೂಕಡಿಕೆ ಬಂದರೆ ಸ್ಟೇರಿಂಗು ಕೊಡಲು ಯಾರಿದ್ದಾರೆ? ಲೈಟಿಲ್ಲದೆ ರಸ್ತೆ ಬದಿ ನಿಂತ ಲಾರಿ ನಿದ್ದೆಗಣ್ಣಿಗೆ ಕಾಣುವುದು ಹತ್ತಿರ ಹೋದ ಮೇಲೆಯೇ. ಕೇಂದ್ರ ಸರ್ಕಾರದ ಲೆಕ್ಕದಲ್ಲೇ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರದವರು. ಇಷ್ಟು ಹೇಳಿದರೆ ಹುಡುಗರು "ನಮ್ದು ಐಎಸ್ಐ ಹೆಲ್ಮೆಟ್ಟು" ಅನ್ನುತ್ತಾರೆ. ಒಳ್ಳೆಯದು. ಆದರೆ ಹೆಲ್ಮೆಟ್ಟು ನಿದ್ದೆ ತಡೆಯುವುದಿಲ್ಲವಲ್ಲ.

ದಿನ ಸಾಲದಿದ್ದಾಗ ಮೊದಲು ಕತ್ತರಿ ಬೀಳುವುದು ಬೆಟ್ಟದ ಮೇಲಿನ ವಿಶ್ರಾಂತಿಗೆ. ಅದು ಇನ್ನೂ ಕೆಟ್ಟದ್ದು. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಆಚೆಗೆ ಹೋಗುವುದು ಸಲೀಸು. ಆ ಸಲೀಸೇ ಅಪಾಯ. ಆರೂವರೆ ಸಾವಿರ ಅಡಿಯ ಮನಾಲಿ ಬಿಟ್ಟವರು ಅದೇ ರಾತ್ರಿ ಹದಿನಾಲ್ಕು ಸಾವಿರ ಅಡಿಯ ಸರ್ಚುವಿನ ಡೇರೆಯಲ್ಲಿ ಮಲಗಿ, ತಲೆನೋವು, ವಾಂತಿ ಅಂತ ಬೆಳಗು ಮಾಡುತ್ತಾರೆ. ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಒಂದು ರಾತ್ರಿ ಕಳೆಯುವುದು ವಾಸಿ. ಲೇಹ್ ತಲುಪಿದ ಮೇಲೆ ಎರಡು ದಿನ ಸುಮ್ಮನೆ ಬಿದ್ದುಕೊಳ್ಳಬೇಕು. ಖರ್ದುಂಗ್ ಲಾ ಮೇಲೆ ಉಸಿರಿಗೆ ಸಿಗುವ ಆಮ್ಲಜನಕ ದಾವಣಗೆರೆಗಿಂತ ಹೆಚ್ಚುಕಡಿಮೆ ಅರ್ಧ. ಅಲ್ಲಿ ತಲೆ ಸುತ್ತಿದರೆ ಮೊದಲ ಔಷಧಿ ಕೆಳಗಿಳಿಯುವುದು, ಫೋಟೋ ಆಮೇಲೆ.

ಯಜಮಾನರ ಕಿವಿಗೂ ಒಂದು ಮಾತು. ಬೈಕಿನ ಆರ್.ಸಿ. ಅಪ್ಪನ ಹೆಸರಿನಲ್ಲಿದ್ದು ಮಗ ಓಡಿಸುತ್ತಿದ್ದರೆ, ಹದಿನೈದು ಲಕ್ಷದ ಆ ಕಡ್ಡಾಯ ಅಪಘಾತ ವಿಮೆ ಮಗನಿಗೆ ಬರುವುದಿಲ್ಲ. ಅದು ಮಾಲೀಕನೇ ಓಡಿಸುವಾಗಿನ ವಿಮೆ. ಸೈಡ್ ಬಾಕ್ಸಿಗೆ ಸುರಿಯುವ ದುಡ್ಡಿನಲ್ಲಿ ಒಂದಿಷ್ಟು ತೆಗೆದು ಹುಡುಗನ ಹೆಸರಿಗೇ ಪಾಲಿಸಿ ಮಾಡಿಸಬೇಕು.

ಹಾಗಾದರೆ ಹೋಗುವುದೇ ಬೇಡವೇ? ಹೋಗಲಿ. ರಜೆ ಹದಿನಾರೇ ದಿನ ಅಂದರೆ ಬೈಕನ್ನು ರೈಲಿಗೆ ಹಾಕಿ ದೆಹಲಿಗೋ ಚಂಡೀಗಢಕ್ಕೋ ಕಳಿಸಲಿ. ಟ್ಯಾಂಕಿನ ಪೆಟ್ರೋಲು ಖಾಲಿ ಮಾಡಿ, ಗೋಣಿ ಸುತ್ತಿಸಿ, ಆರ್.ಸಿ. ಪ್ರತಿ ಕೊಟ್ಟು ಬುಕ್ ಮಾಡಿದರಾಯಿತು. ತಾವು ಹೋಗುವ ರೈಲಿನಲ್ಲೇ ಬೈಕು ಹತ್ತುತ್ತದೆಯೇ ಎನ್ನುವುದನ್ನು ಮಾತ್ರ ಪಾರ್ಸೆಲ್ ಆಫೀಸಿನಲ್ಲಿ ಮೊದಲೇ ಗಟ್ಟಿಮಾಡಿಕೊಳ್ಳಬೇಕು. "ರೈಲಲ್ಲಿ ಹೋದ್ರೆ ಅದೆಂಥ ರೈಡು?" ಅಂತ ಗೆಳೆಯರು ನಗಬಹುದು. ನಗಲಿ ಬಿಡಿ. ಹೋಗುವಾಗ ಎರಡು ದಿನ, ಬರುವಾಗ ಎರಡು ದಿನ ಬರ್ತಿನಲ್ಲಿ ಕಾಲು ಚಾಚಿ ನಿದ್ದೆ ಮಾಡಿದವನೇ ಬೆಟ್ಟ ಹತ್ತಲು ಲಾಯಕ್ಕು.

ಇನ್ನು ಕಾಲದ ಮಾತು. ವ್ಯಾಪಾರ ಮಂಕಾಗುವುದು ಆಷಾಢದಲ್ಲಿ ಮಾತ್ರವೇ? ಗಣಪತಿ ಬಿಟ್ಟ ಮೇಲೆ, ದಸರಾ ಗಿರಾಕಿ ಬರುವ ಮುಂಚೆ, ಪಿತೃಪಕ್ಷದ ಹದಿನೈದು ದಿನವೂ ಅಂಗಡಿ ತಣ್ಣಗೇ ಇರುತ್ತದೆ. ಸೆಪ್ಟೆಂಬರಿನ ಹೊತ್ತಿಗೆ ಮಳೆ ಹಿಂದಕ್ಕೆ ಸರಿಯುತ್ತಿರುತ್ತದೆ, ಲೇಹ್ ದಾರಿ ಇನ್ನೂ ತೆರೆದೇ ಇರುತ್ತದೆ. ಅಧಿಕ ಮಾಸ ಬಂದ ವರ್ಷ ಪಕ್ಷ ಅಕ್ಟೋಬರಿಗೆ ಜಾರಿ ಮೇಲೆ ಚಳಿ ಕಚ್ಚುತ್ತದೆ, ಆ ವರ್ಷ ಸುಮ್ಮನಿರುವುದೇ ಮೇಲು. ಮಿಕ್ಕ ವರ್ಷಗಳಲ್ಲಿ ಇರುವ ತೊಡಕು ಒಂದೇ. "ಪಕ್ಷದಾಗೆ ಊರು ಬಿಟ್ಟು ಹೋಗ್ತಾರೇನೋ?" ಅಂತ ಮನೆಯಲ್ಲಿ ಅಜ್ಜಿ ಬಾಯಿ ಮಾಡುತ್ತಾರೆ. ಅವರನ್ನು ಒಪ್ಪಿಸುವುದು ಹುಡುಗರ ಪಾಲಿನ ಕೆಲಸ. ಮಹಾಲಯ ಅಮಾವಾಸ್ಯೆಗೆ ಎಡೆ ಇಡೋ ಹೊತ್ತಿಗೆ ಮನೆಯಲ್ಲಿರ್ತೀವಿ ಅಂತ ಮಾತು ಕೊಟ್ಟು, ವಾಪಸ್ ಬರುವ ಟಿಕೇಟನ್ನು ಮೊದಲೇ ತೋರಿಸಲಿ.