ಕಬಡ್ಡಿಯ ಹರಾಜು ಮತ್ತು ಒಂದು ಆಯ್ಕೆಯ ನೆನಪು

ಕಳೆದ ವಾರ ನರಸಿಂಹರಾಜಪುರದ ಕಡೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮಳೆ, ಕೊಳೆರೋಗ, ಅಡಿಕೆಯ ಧಾರಣೆಗಳ ವಿಚಾರ ಮುಗಿದ ಮೇಲೆ ಮಾತು ಪ್ರೊ ಕಬಡ್ಡಿಗೆ ಹೊರಳಿತು. "2014ರ ಮೊದಲ ಹರಾಜಿನಲ್ಲಿ ರಾಕೇಶ್ ಕುಮಾರರ 12.80 ಲಕ್ಷವೇ ದೊಡ್ಡ ಬೆಲೆ ಸಾರ್. 2023ರಲ್ಲಿ ಪವನ್ ಸೆಹ್ರಾವತ್‌ಗೆ 2 ಕೋಟಿ 60 ಲಕ್ಷ ದಾಟಿತು. ನಮ್ಮ ಕಾಲದಲ್ಲಿ ಇದೆಲ್ಲ ಇರಬೇಕಿತ್ತು" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಈ ಹರಾಜಿನ ಕ್ರಮ ನಮ್ಮವರಿಗೆ ಹೊಸದೇನಲ್ಲ. ಮಂಡಿಯಲ್ಲಿ ಅಡಿಕೆಯನ್ನು ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವಂತೆ ಆಟಗಾರರನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತಾರೆ. 2023ರಲ್ಲಿ ಇವರ ಮೂಲಬೆಲೆ ಕ್ರಮವಾಗಿ 30, 20, 13 ಮತ್ತು 9 ಲಕ್ಷ ರೂಪಾಯಿ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಅಂತಿಮ ಪಂದ್ಯವಾಡಿದ ಎರಡು ತಂಡಗಳ 24 ಆಟಗಾರರನ್ನೂ ಪಟ್ಟಿಗೆ ಸೇರಿಸಿದ್ದರು. ಇದು ಒಳ್ಳೆಯ ಕೆಲಸವೇ.

ಆದರೆ ಒಮ್ಮೆ ವಿಂಗಡಿಸಿದ ಅಡಿಕೆ ಹಾಗೆಯೇ ಉಳಿಯುತ್ತದೆ, ಹುಡುಗರು ಉಳಿಯುವುದಿಲ್ಲ. ಪರ್‌ದೀಪ್ ನರ್ವಾಲ್ 2015ರಲ್ಲಿ ಬೆಂಗಳೂರು ಬುಲ್ಸ್‌ನಲ್ಲಿದ್ದ ಹುಡುಗ. ಬೆಂಗಳೂರು ಬಿಟ್ಟುಕೊಟ್ಟಿತು, ಅವನು ಸೇರಿದ ಪಾಟ್ನಾ ಸತತ ಮೂರು ಪ್ರಶಸ್ತಿ ಗೆದ್ದಿತು. ಪವನ್ ಕೂಡ ಬೆಂಗಳೂರಿನಿಂದ ಗುಜರಾತಿಗೆ ಹೋಗಿ, 2018ರಲ್ಲಿ ಮರಳಿ ಬಂದು, 2019ರ ಜನವರಿಯ ಅಂತಿಮ ಪಂದ್ಯದಲ್ಲಿ ಅದೇ ಗುಜರಾತಿನ ಎದುರು 22 ಅಂಕ ಗಳಿಸಿದ. ಅಮೆರಿಕದ ಫುಟ್‌ಬಾಲಿನಲ್ಲಿ ಕಾಲೇಜು ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಅದಕ್ಕೆ ಮೊದಲು ಓಟ, ಜಿಗಿತ, ತೂಕ, ಅಂಗೈಯನ್ನು ಸಹ ಅಳೆಯುತ್ತಾರೆ! ಅಲ್ಲಿಯೂ 2000ದಲ್ಲಿ 199ನೆಯವರಾಗಿ ಆಯ್ಕೆಯಾದ ಟಾಮ್ ಬ್ರೇಡಿ ಮುಂದೆ ಏಳು ಸೂಪರ್ ಬೌಲ್ ಗೆದ್ದರು.

ಇನ್ನು ನನ್ನ ವಿಷಯ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ಕಡೆಯೂ ಪಾಠ ಹೇಳಿದ ನಾನು ಒಂದು ವರ್ಷ ತಾಲ್ಲೂಕು ಕಬಡ್ಡಿ ತಂಡದ ಆಯ್ಕೆಗೆ ಕುಳಿತಿದ್ದೆ. ಶ್ರಾವಣದ ಮಳೆ, ಅಂಗಳವೆಲ್ಲ ಕೆಸರು. ಹನ್ನೊಂದು ಹೆಸರು ಬರೆದಾಗಿತ್ತು. ಹನ್ನೆರಡನೆಯ ಸ್ಥಾನಕ್ಕೆ ಇಬ್ಬರಿದ್ದರು: ಒಬ್ಬ ಎತ್ತರದವನು, ಇನ್ನೊಬ್ಬ ಸಣಕಲ. ಸಣಕಲ ಎರಡು ಬಾರಿ ಜಾರಿ ಬಿದ್ದ. "ಎತ್ತರದವನೇ ಇರಲಿ" ಎಂದವನು ನಾನು. ಉಳಿದಿಬ್ಬರು ತಲೆಯಾಡಿಸಿದರು, ಸಂಜೆಯ ಬಸ್ಸಿಗೆ ಹೊತ್ತಾಗಿತ್ತು.

ಮರುವರ್ಷ ಅಡಿಕೆ ಕೊಯ್ಲು ಮುಗಿದ ಮೇಲೆ ಹಳ್ಳಿಯೊಂದರ ಪಂದ್ಯದಲ್ಲಿ ಅದೇ ಸಣಕಲನನ್ನು ಕಂಡೆ. ಅಂಗಳದಲ್ಲಿ ಅವನ ಕಡೆ ಉಳಿದವರು ಇಬ್ಬರೇ. ದಾಳಿಗೆ ಬಂದವನ ಮುಖವನ್ನು ಅವನು ನೋಡಲೇ ಇಲ್ಲ, ಪಾದವನ್ನೇ ನೋಡುತ್ತಿದ್ದ. ಪಾದ ತಿರುಗಿದ ಕ್ಷಣದಲ್ಲಿ ಕಣಕಾಲು ಅವನ ಕೈಯಲ್ಲಿತ್ತು. ಯಾವ ಅಳತೆಪಟ್ಟಿಗೂ ಸಿಕ್ಕದ ವಿದ್ಯೆ ಅದು. ಆಯ್ಕೆಗೆ ಮೊದಲು ಒಂದು ಸಂಜೆ ಅವನ ಶಾಲೆಯ ಅಂಗಳಕ್ಕೆ ಹೋಗಿದ್ದರೆ, ಕಡೆಗೆ ಅವನ ಮೇಷ್ಟ್ರನ್ನು ಒಂದು ಮಾತು ಕೇಳಿದ್ದರೆ, ನನಗೂ ಕಾಣುತ್ತಿತ್ತು. ಆದುದರಿಂದಲೇ ಅರ್ಧ ದಿನದಲ್ಲಿ ಮುಗಿಸುವ ಆಯ್ಕೆಯನ್ನು ನಾನು ಆಯ್ಕೆಯೆಂದು ಒಪ್ಪುವುದಿಲ್ಲ. ಬಿಟ್ಟವರನ್ನು ಮಳೆ ನಿಂತ ಮೇಲೆ ಇನ್ನೊಮ್ಮೆ ಕರೆದು ನೋಡಲು ಕೋಟಿ ರೂಪಾಯಿಯೇನೂ ಬೇಕಾಗಿಲ್ಲ.

ಕಳೆದ ವಾರ ಬಂದವನು ಅವನೇ. ಆ ದಿನ ಬೇಡವೆಂದವನು ನಾನೆಂದು ಅವನಿಗೆ ಗೊತ್ತಿದೆಯೋ ಇಲ್ಲವೋ; ಇದನ್ನು ಓದಿಯಾದರೂ ತಿಳಿಯಲಿ. ಅವನ ಮಗ ಈಗ ಎಂಟನೆಯ ತರಗತಿಯಲ್ಲಿದ್ದಾನೆ, ಕಬಡ್ಡಿ ಆಡುತ್ತಾನಂತೆ. "ಆಯ್ಕೆಯ ದಿನ ಬನ್ನಿ ಸಾರ್" ಎಂದು ಕರೆದಿದ್ದಾನೆ. ಹೋಗುತ್ತೇನೆ. ಅದಕ್ಕೂ ಮೊದಲು ಒಂದು ಸಂಜೆ, ಯಾರಿಗೂ ಹೇಳದೆ, ಆ ಹುಡುಗನ ಶಾಲೆಯ ಅಂಗಳಕ್ಕೆ ಹೋಗಿ ಬರುವವನಿದ್ದೇನೆ.