ಹಳೆಯ ಸಚಿತ್ರ ಗ್ರಂಥಗಳು: ಹೂಡಿಕೆಯೋ, ಹೊಣೆಯೋ?

ಇತ್ತೀಚಿನ ವರ್ಷಗಳಲ್ಲಿ ಅನುಕೂಲಸ್ಥ ವರ್ತಕರ ಗಮನ ಚಿನ್ನ, ನಿವೇಶನಗಳ ಜೊತೆಗೆ ಅಪರೂಪದ ಗ್ರಂಥಗಳತ್ತಲೂ ಹರಿಯುತ್ತಿದೆ. ಯುರೋಪಿನಲ್ಲಿ ಈ ವ್ಯಾಪಾರ ಹಳೆಯದು. ಚೀನಾವನ್ನು ಕಾಣದೆಯೇ ಅಥನೇಸಿಯಸ್ ಕಿರ್ಖರ್ ರಚಿಸಿ 1667ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಪ್ರಕಟಿಸಿದ ‘ಚೈನಾ ಇಲ್ಲುಸ್ತ್ರಾತಾ’, ಚೀನೀಯರ ಉಡುಗೆ-ಕಸುಬುಗಳ 60 ಚಿತ್ರಪಟಗಳೊಡನೆ 1800ರಲ್ಲಿ ಹೊರಬಂದ ಜಾರ್ಜ್ ಹೆನ್ರಿ ಮೇಸನ್‌ರ ಗ್ರಂಥ ಮುಂತಾದವು ಸಂಗ್ರಾಹಕರಿಗೆ ಇಂದಿಗೂ ಪ್ರಿಯವಾಗಿವೆ.

ಆದರೆ ಸೇಡಂ ತಾಲ್ಲೂಕಿನ ಮುಧೋಳ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ವರ್ತಕರು ಅಷ್ಟು ದೂರ ನೋಡಬೇಕಾಗಿಲ್ಲ. ನಿಜಾಮರ ಸೇವೆಯಲ್ಲಿದ್ದು ಸುರಪುರ ಸಂಸ್ಥಾನದ ಆಡಳಿತ ನಡೆಸಿದ ಫಿಲಿಪ್ ಮೆಡೋಸ್ ಟೇಲರ್ 1837ರಲ್ಲಿ ದಖ್ಖನಿನ ರೇಖಾಚಿತ್ರಗಳ ಸಂಪುಟವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. 1866ರಲ್ಲಿ ಅವರ ಐತಿಹಾಸಿಕ ಟಿಪ್ಪಣಿಗಳೊಡನೆ ವಿಜಾಪುರದ ವಾಸ್ತುಶಿಲ್ಪದ ಒಂದು ಸಂಪುಟವೂ, ಧಾರವಾಡ ಮತ್ತು ಮೈಸೂರು ಪ್ರಾಂತಗಳ ಇನ್ನೊಂದು ಸಂಪುಟವೂ ಛಾಯಾಚಿತ್ರ ಸಹಿತ ಬಂದವು. ರಾಬರ್ಟ್ ಹೋಮ್ ಅವರ ಮೈಸೂರು ದೃಶ್ಯಗಳ ಗ್ರಂಥ 1794ರದು. ಈ ನಾಡಿನ ರೂಪ ಲಂಡನ್ನಿನ ಕಪಾಟುಗಳನ್ನು ಸೇರಿದ್ದು ಹೀಗೆ.

ಇಂಥ ಗ್ರಂಥವನ್ನು ಕೊಳ್ಳುವಲ್ಲಿಯೂ ದಾಸ್ತಾನು ತಾಳೆ ನೋಡುವ ವ್ಯಾಪಾರಿ ಬುದ್ಧಿಯೇ ಬೇಕು. ಪಟಗಳೆಲ್ಲ ಇವೆಯೇ, ಬಣ್ಣ ಆ ಕಾಲದ್ದೋ ಅನಂತರ ಹಚ್ಚಿದ್ದೋ, ಮೂಲ ರಟ್ಟು ಉಳಿದಿದೆಯೇ, ಹಿಂದಿನ ಒಡೆಯರು ಯಾರು ಎಂಬುದರ ಮೇಲೆ ಬೆಲೆ ನಿಂತಿದೆ. 60 ಪಟಗಳ ಗ್ರಂಥದಲ್ಲಿ ನಾಲ್ಕು ಇಲ್ಲವಾದರೆ ಬೆಲೆ ಆ ನಾಲ್ಕರ ಪ್ರಮಾಣದಷ್ಟೇ ಅಲ್ಲ, ಅದಕ್ಕಿಂತ ಬಹಳ ಹೆಚ್ಚು ಕುಸಿಯುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಐತಿಹಾಸಿಕ ಮಹತ್ವದ ವಸ್ತುಗಳನ್ನು ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತಿಲ್ಲ. ಆದ್ದರಿಂದ ಲಂಡನ್ನಿನ ಹರಾಜು ಬೆಲೆಯನ್ನೇ ಇಲ್ಲಿನ ಆಸ್ತಿಯ ಮೌಲ್ಯವೆಂದು ಬರೆದುಕೊಳ್ಳುವುದು ಆತ್ಮವಂಚನೆ. 2007ರ ಹಣಕಾಸು ಕಾಯ್ದೆಯು ರೇಖಾಚಿತ್ರ, ವರ್ಣಚಿತ್ರ, ಪುರಾತತ್ತ್ವ ಸಂಗ್ರಹ ಹಾಗೂ ಕಲಾಕೃತಿಗಳನ್ನು ‘ವೈಯಕ್ತಿಕ ವಸ್ತು’ಗಳ ರಿಯಾಯಿತಿಯಿಂದ ಹೊರಗಿಟ್ಟಿತು. ಅಂದಿನಿಂದ ಬಿಡಿ ಚಿತ್ರಪಟ ಮಾರಿದ ಲಾಭ ಬಂಡವಾಳ ಲಾಭದ ತೆರಿಗೆಗೆ ಒಳಪಡುವ ಸಂಭವವಿದೆ. ಖರೀದಿಯ ಬಿಲ್ಲು, ಬ್ಯಾಂಕ್ ಪಾವತಿಯ ದಾಖಲೆ, ಪ್ರತಿ ಪುಟದ ಛಾಯಾಚಿತ್ರ ಇವುಗಳಿಲ್ಲದ ಖರೀದಿ ನಾಳಿನ ತಕರಾರಿಗೆ ಇಂದಿನ ಮುಂಗಡ.

ಇವೆಲ್ಲಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಇಡೀ ಗ್ರಂಥಕ್ಕಿಂತ ಕತ್ತರಿಸಿದ ಪಟಗಳು ಬೇಗ ಮಾರಾಟವಾಗುತ್ತವೆ. ಹೀಗಾಗಿ ಗ್ರಂಥಗಳನ್ನು ಬಿಚ್ಚಿ, ಪುಟಕ್ಕೊಂದು ಚೌಕಟ್ಟು ಹಾಕಿ ಮಾರುವ ದಂಧೆ ಬೆಳೆದಿದೆ. ಕೊಳ್ಳುವವರಿರುವವರೆಗೆ ಕತ್ತರಿ ನಿಲ್ಲದು. ಕತ್ತರಿಸಿದ ಪಟವನ್ನು ಗೋಡೆಗೆ ತೂಗುಹಾಕುವ ವರ್ತಕನು ಅರಿಯದೆಯೇ ಆ ದಂಧೆಯ ಪಾಲುದಾರನಾಗುತ್ತಾನೆ.

ಅಂಕೀಯ ಪ್ರತಿಗಳು ದೊರೆಯುತ್ತಿರುವಾಗ ಮೂಲಗ್ರಂಥವೇಕೆ ಎಂಬ ಪ್ರಶ್ನೆ ಸಹಜ. ಓದಲು ಅಂಕೀಯ ಪ್ರತಿ ಸಾಕು. ಕಾಗದ, ಮಸಿ, ಮುದ್ರಣದ ಸಾಕ್ಷ್ಯಕ್ಕೆ ಮೂಲವೇ ಬೇಕು. ಆದರೆ ಅದು ಒಬ್ಬರ ತಿಜೋರಿಯಲ್ಲಿ ಗೆದ್ದಲಿಗೆ ಆಹಾರವಾಗಬೇಕಾಗಿಲ್ಲ. ಹತ್ತು ಮಂದಿ ವರ್ತಕರು ಕೂಡಿ, ನೋಂದಾಯಿತ ನ್ಯಾಸದ ಹೆಸರಿನಲ್ಲಿ ಒಂದು ಪೂರ್ಣ ಗ್ರಂಥವನ್ನು ಕೊಂಡು, ತೇವವಿಲ್ಲದ ಕೊಠಡಿಯಲ್ಲಿ ಇರಿಸಿ, ವಿದ್ಯಾರ್ಥಿಗಳಿಗೆ ತೋರಿಸಬಹುದು. ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟರ ಮಳಖೇಡ ಇದೇ ಸೇಡಂ ತಾಲ್ಲೂಕಿನಲ್ಲಿದೆ. ತೊಗರಿ, ಸಿಮೆಂಟು, ಶಹಾಬಾದ್ ಕಲ್ಲುಗಳಿಂದ ಗಳಿಸಿದ ಸಂಪತ್ತಿನ ಒಂದಂಶ ನಾಡಿನ ಅಕ್ಷರಕ್ಕೂ ಚಿತ್ರಕ್ಕೂ ಸಂದರೆ, ಆ ಜಮೆ ತಲೆಮಾರುಗಳವರೆಗೆ ಖಾತೆಯಲ್ಲಿ ಉಳಿಯುವುದು.